ಶನಿವಾರ ಒಂಬತ್ತು ಗಂಟೆಯ ಸಾಲು

ಹನ್ನೊಂದು ವರ್ಷದ ಹಿಂದೆ, ನನ್ನ ಮದುವೆಯ ಬೀಗರ ಊಟದ ದಿನ, ಎರಡನೇ ಮುದ್ದೆ ಬಡಿಸಲು ಬಂದ ಅತ್ತೆ ಗೌರಮ್ಮನವರಿಗೆ ನಾನೊಂದು ಮಾತು ಕೊಟ್ಟೆ. ಮಾವ ನಂಜಪ್ಪನವರು ಆ ಹೊತ್ತಿಗೆ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡುಮಕ್ಕಳಿಲ್ಲ. ಇದ್ದದ್ದು ಇಪ್ಪತ್ತು ಗುಂಟೆ ಗದ್ದೆ. ನಾಲೆಯಲ್ಲಿ ನೀರು ಬಿಟ್ಟಷ್ಟು ದಿನ ಆ ಗದ್ದೆಗೆ ಆರನೇ ತೂಬಿನಿಂದ ವಾರಕ್ಕೊಂದು ಸರದಿ: ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು.

“ಅತ್ತೆ, ನಾನಿರೋವರ್ಗೂ ನಿಮ್ಮ ಗದ್ದೆಗೆ ಒಂದು ಸರದಿಯೂ ತಪ್ಪಲ್ಲ,” ಅಂದೆ. ಬಾಯಲ್ಲಿ ಮೂಳೆಯಿತ್ತು. ಅದನ್ನು ತೆಗೆದಿಟ್ಟು ಯೋಚನೆ ಮಾಡಿ ಮಾತಾಡಿದ್ದರೆ ಇಷ್ಟು ದೊಡ್ಡ ಮಾತು ಬರುತ್ತಿರಲಿಲ್ಲವೇನೋ.

ಅತ್ತೆ ಬಕೆಟ್ಟು ಕೆಳಗಿಟ್ಟು ಕೇಳಿದರು: “ಒಂದೂವಾ?”

“ಒಂದೂ.”

ಪಂಕ್ತಿಯಲ್ಲಿದ್ದ ಹದಿನಾರು ಜನ ಕೇಳಿಸಿಕೊಂಡರು. ಅತ್ತೆ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿ ಮುಂದೆ ಹೋದರು. ಆಮೇಲೆ ಈ ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಬೇರೇನೂ ಕೇಳಿಲ್ಲ. ಬಟ್ಟೆ ಕೇಳಿಲ್ಲ, ತೀರ್ಥಯಾತ್ರೆ ಕೇಳಿಲ್ಲ. ಶುಕ್ರವಾರ ಸಂಜೆ ಫೋನ್ ಮಾಡಿ “ನಾಳೆ ಶನಿವಾರ” ಎಂದಷ್ಟೇ ಹೇಳಿ ಇಡುತ್ತಾರೆ. ನಾನೂ ಪಾಂಡವಪುರದ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಒಂಬತ್ತಕ್ಕೆ ತೂಬಿನ ಹತ್ತಿರ ನಿಲ್ಲುತ್ತೇನೆ. ಮಗಳು ಅನು ಹುಟ್ಟಿದ್ದು ಶನಿವಾರ ಹತ್ತೂವರೆಗೆ. ಆ ಸುದ್ದಿ ನನಗೆ ಸಿಕ್ಕಿದ್ದು ಗದ್ದೆಯ ಬದುವಿನ ಮೇಲೆ. ಹೆಂಡತಿ ಲತಾ ಅದನ್ನು ಇನ್ನೂ ಮರೆತಿಲ್ಲ.

ಇಷ್ಟು ಜಾಗ್ರತೆಯ ಮನುಷ್ಯ ನಾನು. ಅಂಥವನಿಂದಲೇ ಈ ಅನಾಹುತ ಆದದ್ದು ಹೇಗೆ ಅಂದರೆ, ಮೊದಲು ನನ್ನ ಕೆಲಸದ ವಿಷಯ ಹೇಳಬೇಕು.

ಶ್ರೀರಂಗಪಟ್ಟಣದಲ್ಲಿ, ಒಂದು ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಹದಿನಾಲ್ಕು ಜನ, ಎರಡು ಫ್ಯಾನು. ನಾವು ಮಾಡುವ ತಂತ್ರಾಂಶದ ಹೆಸರು ‘ಜತನ’. ಹತ್ತು ಜನ ಒಂದೇ ಕಡತವನ್ನು ತಿದ್ದಬೇಕಾದ ಕಡೆ ಇದು ಬೇಕು. ಮೂಲಪ್ರತಿ ಒಂದು ಕಡೆ ಭದ್ರವಾಗಿರುತ್ತದೆ. ಪ್ರತಿಯೊಬ್ಬರೂ ಅದರ ನಕಲು ತೆಗೆದುಕೊಂಡು ತಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ತಿದ್ದುತ್ತಾರೆ, ತಿದ್ದಿದ್ದನ್ನು ಮೂಲಕ್ಕೆ ಕಳಿಸುತ್ತಾರೆ. ನೀವು ನಿಮ್ಮ ನಕಲನ್ನು ತಿದ್ದುತ್ತಿರುವಾಗ ಉಳಿದವರು ಸುಮ್ಮನೆ ಕೂತಿರುವುದಿಲ್ಲವಲ್ಲ. ‘ಅಪ್‌ಡೇಟ್’ ಒತ್ತಿದರೆ ಅವರ ತಿದ್ದುಪಡಿಯೆಲ್ಲ ನಿಮ್ಮ ನಕಲಿಗೆ ಬರಬೇಕು, ಆದರೆ ನೀವು ಬರೆದದ್ದು ಹೋಗಬಾರದು. ಇಬ್ಬರೂ ಒಂದೇ ಸಾಲನ್ನು ತಿದ್ದಿದ್ದರೆ ಜತನ ತಾನಾಗಿ ತೀರ್ಪು ಕೊಡಬಾರದು, ಎರಡನ್ನೂ ಕೆಳಗೆ ಮೇಲೆ ಇಟ್ಟು, ನಡುವೆ ಒಂದಷ್ಟು ಗೀಟು ಎಳೆದು, “ನಿಮ್ಮದೋ ಅವರದ್ದೋ?” ಎಂದು ಕೇಳಬೇಕು. ಮೂರು ವರ್ಷದಿಂದ ನಾನು ದಿನವೂ ಆ ಅಪ್‌ಡೇಟ್ ಒತ್ತಿ, ಯಾರದ್ದಾದರೂ ಕಳೆದುಹೋಯಿತಾ ಎಂದು ನೋಡುತ್ತೇನೆ. ಅದಕ್ಕೆ ಸಂಬಳ ಕೊಡುತ್ತಾರೆ. ಪರೀಕ್ಷಕ ಅನ್ನುತ್ತಾರೆ.

ಕಳೆದ ಜುಲೈ ಕೊನೆಯಲ್ಲಿ ನಮ್ಮ ತಂಡದ ಮುಖ್ಯಸ್ಥೆ ರಂಜಿತ ಮೇಡಂ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ಕೆ.ಆರ್.ಪೇಟೆಯವರು. ನನಗಿಂತ ಎಂಟು ವರ್ಷ ಚಿಕ್ಕವರು, ನನಗಿಂತ ಎಂಟು ಪಟ್ಟು ಚುರುಕು.

“ಕಿಟ್ಟಪ್ಪ, ಇನ್ನೆರಡು ವಾರಕ್ಕೆ, ಸೋಮವಾರ, ಮೈಸೂರಿಂದ ಗಿರಾಕಿಗಳು ಬರ್ತಾರೆ. ನಿಮ್ಮ ಪರೀಕ್ಷೆ ಕಡತದಲ್ಲಿ ಏನಿದೆ ನೋಡಿದೆ. ‘ಆನೆ, ಇಲಿ, ಈಟಿ.’ ಇದನ್ನ ತೋರಿಸಿ ಅಪ್‌ಡೇಟ್ ಚೆನ್ನಾಗಿದೆ ಅಂದ್ರೆ ಅವರು ಮಗ್ಗಿನೂ ಹೇಳಿ ಅಂತಾರೆ. ನಿಜವಾದ ಜನ, ನಿಜವಾಗಿ ಕಿತ್ತಾಡೋ ಕಡತ ಬೇಕು ನನಗೆ.”

ನಿಜವಾಗಿ ಕಿತ್ತಾಡೋ ಕಡತ ಅಂದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಆರನೇ ತೂಬಿನ ಸರದಿ ಪಟ್ಟಿ.

ಆ ಭಾನುವಾರವೇ ಅತ್ತೆಯ ಊರಿನ ನೀರು ಬಳಕೆದಾರರ ಸಂಘದ ಕೊಠಡಿಗೆ ಹೋದೆ. ಸಂಘದ ಅಧ್ಯಕ್ಷ ರಂಗಸ್ವಾಮಿ, ತೂಬು ತೆಗೆದು ಮುಚ್ಚುವ ನೀರಗಂಟಿ ಬೀರಯ್ಯ, ಇನ್ನೂ ಹತ್ತಿಪ್ಪತ್ತು ಜನ ಕೂತಿದ್ದರು. ಗೋಡೆಯ ಮೇಲೆ ಸರದಿ ಪಟ್ಟಿ ಬರೆದಿತ್ತು, ಇಪ್ಪತ್ತೆರಡು ಹೆಸರು.

“ನೋಡು ಕಿಟ್ಟಪ್ಪ,” ರಂಗಸ್ವಾಮಿ ಬೀಡಿ ತುದಿಯಲ್ಲಿ ತೋರಿಸಿದರು, “ಇದ್ರಲ್ಲಿ ಒಂಬತ್ತು ಜನ ಸತ್ತೋಗವ್ರೆ. ನಮ್ಮ ಬೀರಯ್ಯ ಸತ್ತೋರ್ಗೆಲ್ಲ ನೀರು ಬುಡ್ತಾವ್ನೆ.”

“ಸತ್ತೋರು ಜಗಳ ಆಡಕಿಲ್ಲ ಕಣ್ರಪ್ಪ,” ಬೀರಯ್ಯ ಅಂದ. “ನನಗೆ ಅವ್ರೇ ವಾಸಿ.”

ನಾನು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ಆದರೂ ನಿಂತೆ. ಅಳಿಯನಾದವನಿಗೆ ಅತ್ತೆ ಊರಿನಲ್ಲಿ ಒಂದು ಸಲವಾದರೂ ಹೀಗೆ ನಿಲ್ಲಬೇಕು ಅನ್ನಿಸುತ್ತದೆ. “ಈ ಪಟ್ಟೀನ ನಾನು ಕಂಪ್ಯೂಟರಿಗೆ ಹಾಕ್ತೀನಿ. ನಿಮ್ಮ ನಿಮ್ಮ ಫೋನಲ್ಲಿ ಒಂದೊಂದು ನಕಲು. ಯಾರು ಯಾರಿಗೆ ಸರದಿ ಬಿಟ್ಟುಕೊಟ್ಟಿದೀರೋ, ನೀವೇ ತಿದ್ದಿ. ಎಲ್ಲಾರ್ದೂ ಸೇರಿ ಒಂದಾಗುತ್ತೆ. ಒಂದಕ್ಷರ ಕಳೆಯಲ್ಲ. ಅದಕ್ಕೆ ನಾನು ಜವಾಬ್ದಾರಿ.”

“ಒಂದಕ್ಷರಾನೂವಾ?” ಯಾರೋ ಕೇಳಿದರು.

“ಒಂದೂ,” ಎಂದೆ. ಈ ಸಲ ಬಾಯಲ್ಲಿ ಮೂಳೆಯೂ ಇರಲಿಲ್ಲ.

ಗೋಡೆಯ ಪಟ್ಟಿಗೂ ಊರಿನ ನಡವಳಿಕೆಗೂ ಎಷ್ಟು ದೂರ ಎಂದು ನನಗೆ ಗೊತ್ತಾದದ್ದು ಅದರ ಮಾರನೆಯ ದಿನ. ಈ ಊರಿನಲ್ಲಿ ಸರದಿ ಬದಲಾಯಿಸಿಕೊಳ್ಳುವುದು ಬದುವಿನ ಮೇಲೆ, ಬಾಯಿಮಾತಿನಲ್ಲಿ. ಒಬ್ಬರು ಮೂರು ದಿನ ಎತ್ತು ಎರವಲು ಪಡೆದದ್ದಕ್ಕೆ ಗುರುವಾರ ಬಿಟ್ಟುಕೊಟ್ಟಿದ್ದರು. ಇನ್ನೊಬ್ಬರು ಮಗಳ ಬಾಣಂತನದ ವರ್ಷ ಸೋಮವಾರವನ್ನು ಮಂಗಳವಾರ ಮಾಡಿಕೊಂಡವರು ಮತ್ತೆ ತಿರುಗಿಸಿರಲಿಲ್ಲ; ಆ ಮಗು ಈಗ ಕಾಲೇಜಿಗೆ ಹೋಗುತ್ತದೆ. ಫೋನು ಕೈಗೆ ಬಂದದ್ದೇ ಎಲ್ಲರೂ ಬರೆದರು. ಈಗಿರುವ ಸರದಿಯನ್ನಷ್ಟೇ ಅಲ್ಲ, ಎಂದೋ ಒಂದು ದಿನ ತಮ್ಮದಾಗಿದ್ದ ಸರದಿಗಳನ್ನೂ ಬರೆದರು. ಇಪ್ಪತ್ತೆರಡು ಜನ, ಅರವತ್ತೊಂದು ತಿದ್ದುಪಡಿ. ನನಗೆ ಸಂತೋಷ ತಡೆಯಲಾಗಲಿಲ್ಲ.

ಅತ್ತೆಯ ಹತ್ತಿರ ಒತ್ತುವ ಗುಂಡಿಯ ಹಳೆಯ ಫೋನು. ಆದ್ದರಿಂದ ಅವರ ಪರವಾಗಿ ನಕಲು ನನ್ನ ಫೋನಿನಲ್ಲಿತ್ತು. ಶನಿವಾರ ಒಂಬತ್ತರ ಸಾಲಿನಲ್ಲಿ ಗೋಡೆಯ ಪ್ರಕಾರ ಮಾವ ನಂಜಪ್ಪನವರ ಹೆಸರು. ಅದನ್ನು ‘ಗೌರಮ್ಮ’ ಎಂದು ತಿದ್ದಿ ಅಪ್‌ಡೇಟ್ ಒತ್ತಿದೆ. ಜತನ ಗೀಟುಗಳನ್ನು ಎಳೆದು ನಿಂತಿತು. ಅದೇ ಸಾಲನ್ನು ಪಕ್ಕದ ಗದ್ದೆಯ ಚಿಕ್ಕಸ್ವಾಮಿ ನನಗಿಂತ ಮೊದಲೇ ತಿದ್ದಿ ತನ್ನ ಹೆಸರು ಬರೆದು ಕಳಿಸಿದ್ದ.

ಫೋನ್ ಮಾಡಿ ಕೇಳಿದೆ. ಚಿಕ್ಕಸ್ವಾಮಿ ನನ್ನ ಹೆಂಡತಿಗೆ ವರಸೆಯಲ್ಲಿ ತಮ್ಮ. ನನ್ನನ್ನು ಭಾವ ಅನ್ನುತ್ತಾನೆ.

“ಅಯ್ಯೋ ಅದಾ ಭಾವ? ನಂಜಪ್ಪ ದೊಡ್ಡಪ್ಪ ತಿರುಪ್ತಿಗೆ ಹೋದಾಗ ಒಂದ್ಸಲ ನಂಗೆ ಬುಟ್ಟಿತ್ತು. ಎಲ್ಲಾರೂ ಬರೀತಾವ್ರೆ ಅಂತ ನಾನೂ ಬರ್ದೆ. ಬ್ಯಾಡ ಅಂದ್ರೆ ಒಡ್ದಾಕು.”

ಅವತ್ತೇ, ಆ ನಿಮಿಷವೇ, ‘ನಮ್ಮದು’ ಎಂದು ಒತ್ತಿ ಕಳಿಸಿದ್ದರೆ ಈ ಕಥೆ ಇಲ್ಲ. ಆದರೆ ಆ ಗೀಟುಗಳ ನಡುವೆ ಅತ್ತೆ ಮೇಲೆ, ಚಿಕ್ಕಸ್ವಾಮಿ ಕೆಳಗೆ ಎಷ್ಟು ಲಕ್ಷಣವಾಗಿ ಕೂತಿದ್ದರು! ಮೂರು ವರ್ಷದಲ್ಲಿ ಇಂಥದ್ದು ಸಿಕ್ಕಿರಲಿಲ್ಲ. ರಂಜಿತ ಮೇಡಂಗೆ ತೋರಿಸಿದೆ. “ಅಬ್ಬ, ಎಂಥ ಚೆಂದ ಇದೆ ಕಿಟ್ಟಪ್ಪ,” ಅಂದರು. ಅವರು ನನ್ನ ಕೆಲಸವನ್ನು ಚೆಂದ ಅಂದದ್ದು ಅದೇ ಮೊದಲು. ಹಾಗೇ ಇಟ್ಟುಕೊಂಡೆ. ಎರಡನೇ ವಾರವೂ ಇಟ್ಟುಕೊಂಡೆ. ಪ್ರಯೋಗ ಮಾಡಲಿಕ್ಕೆ ಅಂತ ಇಡೀ ಪಟ್ಟಿಯ ಇನ್ನೊಂದು ಸುಳ್ಳು ನಕಲು ಮಾಡಿ ಆಫೀಸಿನ ಫೋನಿಗೆ ಹಾಕಿದೆ. ಆಫೀಸಿನ ಫೋನೂ ನನ್ನ ಫೋನೂ ಒಂದೇ ಮಾದರಿ. ಎರಡಕ್ಕೂ ಬಸ್‌ಸ್ಟ್ಯಾಂಡಿನ ಒಂದೇ ಅಂಗಡಿಯಿಂದ ಒಂದೇ ನೀಲಿ ಕವರು ಹಾಕಿಸಿದ್ದೆ, ಜೋಡಿ ತೆಗೆದುಕೊಂಡರೆ ಕಮ್ಮಿ ಅಂದರು ಅಂತ.

ಬುಧವಾರ ಬೆಳಿಗ್ಗೆ ಏಳು ನಲವತ್ತು. ಲತಾ ಒಲೆಯ ಮುಂದೆ. ನಾನು ಅನುವಿಗೆ ಜಡೆ ಹಾಕುತ್ತಿದ್ದೆ. ಬಾಯಲ್ಲಿ ರಿಬ್ಬನ್ನು, ತೊಡೆಯ ಮೇಲೆ ಫೋನು. ಪರೀಕ್ಷೆ ಸಂಖ್ಯೆ ಹದಿನಾಲ್ಕು ಬಾಕಿಯಿತ್ತು: ‘ಅವರದ್ದು’ ಎಂದು ಆರಿಸಿದರೆ ನನ್ನ ಸಾಲು ಪೂರ್ತಿ ಮಾಯವಾಗಬೇಕು, ಅವರ ಸಾಲು ನಿಲ್ಲಬೇಕು, ಬದಲಿಸಿದವರ ಹೆಸರು ಸಮೇತ ಎಲ್ಲರ ಫೋನಿಗೂ ಸುದ್ದಿ ಹೋಗಬೇಕು. ಎಡಗೈಯಲ್ಲಿ ಜಡೆ ಹಿಡಿದು ಬಲಗೈ ಬೆರಳಲ್ಲಿ ಒತ್ತಿದೆ. ನನ್ನ ಸಾಲು ಮಾಯವಾಯಿತು. ಅವರ ಸಾಲು ನಿಂತಿತು. ಪರೀಕ್ಷೆ ಪಾಸು. ಟಿಪ್ಪಣಿ ಪುಸ್ತಕದಲ್ಲಿ ಸರಿ ಗುರುತು ಹಾಕಿದೆ.

ತೊಡೆಯ ಮೇಲಿದ್ದದ್ದು ನನ್ನ ಫೋನು. ಆಫೀಸಿನದ್ದು ಬ್ಯಾಗಿನಲ್ಲಿತ್ತು.

ಅತ್ತೆಯದೊಂದು ಬಿಟ್ಟು ಇಪ್ಪತ್ತೊಂದು ಮನೆಯಲ್ಲಿ ಒಟ್ಟಿಗೆ ಟಿಣ್ ಅಂತಂತೆ: ‘ಶನಿವಾರ ಒಂಬತ್ತರಿಂದ ಹನ್ನೆರಡು. ಇನ್ನು ಮುಂದೆ ಚಿಕ್ಕಸ್ವಾಮಿ. ಬದಲಿಸಿದವರು ಕಿಟ್ಟಪ್ಪ.’

ನಾನು ಶ್ರೀರಂಗಪಟ್ಟಣದ ಬಸ್ಸಿನಲ್ಲಿ ನೇತಾಡುತ್ತಿರುವಾಗ ರಂಗಸ್ವಾಮಿಯವರ ಫೋನು ಬಂತು.

“ಅಲ್ಲ ಕಣಪ್ಪ ಕಿಟ್ಟಪ್ಪ, ಮಾರ್ಬುಟ್ರಾ?”

“ಏನನ್ನ?”

“ಗದ್ದೆಯ. ನೀರಿನ ಸರದಿ ಬರ್ಕೊಟ್ಟ ಮ್ಯಾಲೆ ಗದ್ದೆ ಇಟ್ಕಂಡು ಏನ್ ಗೋಲಿ ಆಡ್ತಾರಾ? ಎಷ್ಟಕ್ಕೆ ಆಯ್ತು? ನಮಗೊಂದು ಮಾತು ಯೋಳಬಾರ್ದಾಗಿತ್ತಾ?”

ಸುಳ್ಳು ನಕಲು ಯಾವುದು, ನಿಜವಾದದ್ದು ಯಾವುದು ಎಂದು ಎರಡೂ ಫೋನು ತೆಗೆದು ನೋಡಿದೆ. ಕಂಡಕ್ಟರು “ಎರಡೆರಡು ಫೋನು, ಚಿಲ್ಲರೆ ಮಾತ್ರ ಇಲ್ಲ” ಎಂದ. ಗಾಬರಿಯಲ್ಲಿದ್ದ ಪರೀಕ್ಷಕ ಮಾಡಬಾರದ ಕೆಲಸವನ್ನೇ ನಾನು ಮಾಡಿದೆ: ‘ಹಿಂದಿನ ಸ್ಥಿತಿಗೆ ಹೋಗು’ ಎಂದು ಒತ್ತಿದೆ. ಎಷ್ಟು ಹಿಂದೆ ಎಂದು ಕೇಳಿತು. ಬಸ್ಸು ಹಂಪಿನ ಮೇಲೆ ಹಾರಿತು. ಬೆರಳು ‘ಮೊದಲಿನದು’ ಎಂಬಲ್ಲಿ ಬಿತ್ತು.

ಅರವತ್ತೊಂದು ತಿದ್ದುಪಡಿಯೂ ಹೋಗಿ ಪಟ್ಟಿ ಗೋಡೆಯ ಮೇಲಿದ್ದ ಹಾಗಾಯಿತು. ಸತ್ತ ಒಂಬತ್ತು ಜನ ಎದ್ದು ಬಂದು ತಮ್ಮ ತಮ್ಮ ಸರದಿಯಲ್ಲಿ ಕೂತರು. ಎಲ್ಲದರ ಕೆಳಗೆ: ಬದಲಿಸಿದವರು ಕಿಟ್ಟಪ್ಪ.

ಬಸ್ಸು ಊರು ಸೇರುವುದರೊಳಗೆ ಹದಿನೇಳು ಕರೆ. “ನನ್ನ ಗುರುವಾರ ಎಲ್ಲಿ ಮಡಗಿದ್ದೀಯಪ್ಪ?” “ನಮ್ಮಪ್ಪನ ಹೆಸರು ಬತ್ತಾ ಅದೆ, ತಿಥಿ ಮಾಡಿ ಆರು ವರ್ಷ ಆಯ್ತಲ್ಲಯ್ಯ!” ಹಿಂದೆ ಹೋದದ್ದನ್ನು ಮತ್ತೆ ಮುಂದಕ್ಕೆ ತಂದೆ. ಅರವತ್ತೊಂದೂ ಬಂದವು, ಅದರ ಜೊತೆ ಚಿಕ್ಕಸ್ವಾಮಿಯೂ ಬಂದ. ಅವನನ್ನು ತೆಗೆದು ಗೌರಮ್ಮ ಎಂದು ಬರೆದು ಕಳಿಸುವುದಕ್ಕೂ, ಅತ್ತ ಚಿಕ್ಕಸ್ವಾಮಿ ಅದೇ ಸಾಲಿನಲ್ಲಿ ತನ್ನ ಹೆಸರಿನ ಮುಂದೆ ‘ಭಾವ ಕೊಟ್ಟದ್ದು, ಒಪ್ಪಿದ್ದೇನೆ’ ಎಂದು ಬರೆದು ಕಳಿಸುವುದಕ್ಕೂ ಸರಿಹೋಯಿತು. ಜತನ ಮತ್ತೆ, ಈ ಸಲ ಎಲ್ಲರ ಫೋನಿನಲ್ಲೂ, ಗೀಟು ಎಳೆದು, ಇಬ್ಬರನ್ನೂ ಕೆಳಗೆ ಮೇಲೆ ಕೂರಿಸಿ, ನಿಮ್ಮದೋ ಅವರದ್ದೋ ಎಂದು ಕೇಳುತ್ತಾ ನಿಂತಿತು. ತಂತ್ರಾಂಶದಲ್ಲಿ ಒಂದೇ ಒಂದು ದೋಷವಿಲ್ಲ ಎಂದು ಆ ಬಸ್ಸಿನಲ್ಲಿ ನನಗೆ ಖಾತ್ರಿಯಾಯಿತು. ಇನ್ನೊಂದು ಸಲ ಏನನ್ನಾದರೂ ಒತ್ತುವ ಧೈರ್ಯ ಮಾತ್ರ ಉಳಿದಿರಲಿಲ್ಲ.

ಇಷ್ಟು ಸಲ ಟಿಣ್ ಅಂದದ್ದಕ್ಕೆ ರಂಗಸ್ವಾಮಿಯವರ ತಾಳ್ಮೆ ಕೆಟ್ಟಿತು. ಅವರು ಕಾಗದದ ಮನುಷ್ಯ. ಪಟ್ಟಿ ಹೇಗಿದೆಯೋ ಹಾಗೆ ಪ್ರಿಂಟು ಹಾಕಿಸಿ, ನಾಲೆ ಕಚೇರಿಯ ಎಂಜಿನಿಯರ್ ಸಾಹೇಬರ ಸೀಲು ಹೊಡೆಸಿಬಿಡೋಣ ಎಂದು ಹೊರಟರು. ಝೆರಾಕ್ಸ್ ಅಂಗಡಿಯಲ್ಲಿ ಶನಿವಾರದ ಸಾಲು ಬಂದಾಗ, ಗೀಟುಗಳ ನಡುವೆ ಎರಡು ಹೆಸರು ನೋಡಿ ಅಂಗಡಿಯವರು ಕೇಳಿದರಂತೆ:

“ಇದೇನು ಯಜಮಾನ್ರೆ, ಒಂದೇ ಸಾಲಿಗೆ ಎರಡು ಹೆಸರು? ಯಾವುದು ಸರಿ?”

“ಮೊದ್ಲು ಬರ್ದಿದ್ದು ಮೇಲಿರ್ತದೆ, ಆಮ್ಯಾಲೆ ಬರ್ದಿದ್ದು ಕೆಳಗಿರ್ತದೆ,” ರಂಗಸ್ವಾಮಿಯವರು ಲೋಕರೂಢಿಯಂತೆ ಹೇಳಿದರು. “ಆಮ್ಯಾಲಿಂದೇ ಸರಿ.”

ಅಂಗಡಿಯವರು ವೈಟ್ನರು ತೆಗೆದು ಗೀಟುಗಳನ್ನೂ ಗೌರಮ್ಮನವರನ್ನೂ ಅಚ್ಚುಕಟ್ಟಾಗಿ ಮುಚ್ಚಿ, ಗಾಳಿ ಊದಿ ಒಣಗಿಸಿ, ಹೊಸ ಪ್ರತಿ ತೆಗೆದುಕೊಟ್ಟರು. ಸಾಹೇಬರು ನೋಡಿ ಬಹಳ ಮೆಚ್ಚಿದರು. ಇಡೀ ನಾಲೆಯಲ್ಲಿ ಟೈಪು ಮಾಡಿದ ಸರದಿ ಪಟ್ಟಿ ಇದೊಂದೇ ಅಂದರು. ಸಹಿ ಹಾಕಿದರು. ದುಂಡನೆಯ ಸೀಲನ್ನು ಸರಿಯಾಗಿ ಶನಿವಾರದ ಸಾಲಿನ ಪಕ್ಕದಲ್ಲೇ ಒತ್ತಿದರು.

ಗುರುವಾರ ಮಧ್ಯಾಹ್ನ ಲತಾ ಫೋನ್ ಮಾಡಿದಳು. “ಬೇಗ ಬನ್ನಿ. ನಾಗಮಂಗಲದ ಅತ್ತೆ ಬಂದವ್ರೆ.”

ನಾಗಮಂಗಲದ ಅತ್ತೆ ಅಂದರೆ ಮಾವನವರ ತಂಗಿ ಚಿಕ್ಕಬೋರಮ್ಮ. ಅರ್ಧ ದಿನ ರಜೆ ಹಾಕಿ ಓಡಿದೆ. ಅವರು ನಡುಮನೆಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು.

“ಕಾಫಿ ತಗೊಳ್ಳಿ ಅತ್ತೆ,” ಅಂದೆ.

“ತೌರುಮನೆ ಗದ್ದೆ ಮಾರ್ಕಂಡೋರ ಮನೇಲಿ ಬಾಯಿ ನೆನಸಲ್ಲ ನಾನು.”

“ಮಾರಿಲ್ಲ ಅತ್ತೆ. ಅದು ಪರೀಕ್ಷೆ.”

“ಯಾರ ಪರೀಕ್ಷೆ? ನಮ್ಮ ಅತ್ತಿಗೇದಾ? ಗಂಡ ಸತ್ತ ಎಂಗಸು ತಡ್ಕತಾಳಾ ಇಲ್ವಾ ಅಂತ ಅಳಿಯ ಪರೀಕ್ಷೆ ಮಾಡ್ತಾನಾ?” ಲತಾ ಕಡೆ ತಿರುಗಿದರು. “ಇವನಿಗೇನವ್ವ ಕಮ್ಮಿ ಮಾಡಿದ್ವಿ? ಬೀಗರೂಟದಲ್ಲಿ ಎರಡು ಮುದ್ದೆ ತಿಂದು ಮಾತು ಕೊಟ್ಟವ್ನಲ್ವಾ? ಪಕ್ಕದ ಎಲೇಲಿ ನಾನೇ ಕೂತಿದ್ದೆ!”

ನಾನು ಫೋನು ತೆಗೆದು ವಿವರಿಸಿದೆ. ಮೂಲಪ್ರತಿ, ನಕಲು, ಅಪ್‌ಡೇಟು, ಗೀಟು. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಲತಾಗೆ ಹೇಳಿದರು: “ನೋಡವ್ವ, ಸುಳ್ಳು ಯೋಳೋನು ಇಷ್ಟುದ್ದ ಯೋಳ್ತಾನೆ.”

ಲತಾ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಕೇಳಿದಳು. “ಅವ್ವನ ಗದ್ದೆ ನಾಟಿ ಆಗಿ ಇವತ್ತಿಗೆ ಐದು ದಿನ. ಈ ಶನಿವಾರ ನೀರು ತಪ್ಪಿದ್ರೆ ಮುಂದಿನ ಶನಿವಾರಾನೇ. ಅಷ್ಟರಲ್ಲಿ ನೆಲ ಬಿರಿತದೆ, ಪೈರಿಗಿಂತ ಮುಂಚೆ ಕಳೆ ಏಳ್ತದೆ. ನಿಮಗೆ ಗೊತ್ತಾ?”

“ಗೊತ್ತು.”

“ಗೊತ್ತಿದ್ದೂ ಆ ಗೀಟು ಚೆಂದ ಇದೆ ಅಂತ ಇಟ್ಕೊಂಡಿದ್ರಾ?”



ಶುಕ್ರವಾರ ಬೆಳಿಗ್ಗೆ ಮೊದಲು ನಾಲೆ ಕಚೇರಿಗೆ ಹೋದೆ. ಸಾಹೇಬರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ನಮ್ಮ ಪಟ್ಟಿಯನ್ನು ಗಾಜಿನ ಕೆಳಗೆ ಹಾಕಿಕೊಂಡಿದ್ದರು.

“ನೀವೇನಾ ಇದನ್ನ ಮಾಡಿದೋರು? ಬಹಳ ಶಿಸ್ತಾಗಿದೆ ರೀ.”

“ಸರ್, ಒಂದು ಹೆಸರು ತಪ್ಪಾಗಿದೆ.”

ಅವರ ಮುಖ ಚಿಕ್ಕದಾಯಿತು. “ಸೀಲ್ ಆಗಿದೆಯಲ್ಲ.”

“ಅಪ್‌ಡೇಟ್ ಮಾಡಬಹುದಲ್ವಾ ಸರ್?”

“ಮಾಡಬಹುದು. ಸಂಘದವರು ಸಭೆ ಕರೆದು, ನಿರ್ಣಯ ಮಾಡಿ, ಇಪ್ಪತ್ತೆರಡೂ ಜನ ಸಹಿ ಹಾಕಿ ಅರ್ಜಿ ಕೊಡಲಿ. ಈ ಬೆಳೆ ಎದ್ದ ಮೇಲೆ ನೋಡೋಣ.” ನನ್ನ ಮುಖ ನೋಡಿ ಸಮಾಧಾನ ಹೇಳಿದರು. “ತೂಬಿನ ಹತ್ತಿರ ನಾನೇನು ಬಂದು ನಿಂತ್ಕೊಳಲ್ಲ. ಆದ್ರೆ ಯಾರಾದ್ರೂ ಈ ಕಾಗದ ಹಿಡ್ಕೊಂಡು ಬಂದು ಕೇಳಿದ್ರೆ, ನಾನು ಈ ಕಾಗದದಲ್ಲಿ ಇರೋದನ್ನೇ ಹೇಳ್ಬೇಕಾಗುತ್ತೆ.”

ಅಲ್ಲಿಂದ ಆಫೀಸಿಗೆ ಓಡಿದೆ. ಪಟ್ಟಿಯನ್ನಾದರೂ ಸರಿ ಮಾಡಿ, ಎಲ್ಲರ ಫೋನಿನಲ್ಲಿ ಗೌರಮ್ಮ ಎಂದು ಬರುವ ಹಾಗೆ ಮಾಡಿದರೆ ಬೀರಯ್ಯನ ಹತ್ತಿರ ವಾದಿಸಬಹುದು ಅನ್ನಿಸಿತು. ಜತನ ತೆರೆದರೆ ಕಡತಕ್ಕೆ ಬೀಗ. ರಂಜಿತ ಮೇಡಂ ಹಾಕಿದ್ದರು.

“ಸೋಮವಾರದವರೆಗೂ ಮುಟ್ಟಬಾರದು ಕಿಟ್ಟಪ್ಪ. ಬುಧವಾರ ಒಂದು ಗಂಟೆಯಲ್ಲಿ ಎಷ್ಟು ಸಲ ಹಿಂದೆ ಮುಂದೆ ಹೋಗಿದೆ ನೋಡಿ! ಇಷ್ಟಾದ್ರೂ ಒಂದಕ್ಷರ ಕಳೆದಿಲ್ಲ. ಇದನ್ನೇ ತೋರಿಸ್ತೀನಿ. ಎಷ್ಟು ಧೈರ್ಯವಾಗಿ ಪರೀಕ್ಷೆ ಮಾಡಿದೀರಿ ನೀವು.”

“ಮೇಡಂ, ಅದು ಧೈರ್ಯ ಅಲ್ಲ. ಜಡೆ ಹಾಕ್ತಾ ಇದ್ದೆ.”

“ಏನು?”

“ಒಂದು ಸಾಲು ಮಾತ್ರ ತಿದ್ಕೊಳ್ಳೋಕೆ ಬಿಡಿ. ನಮ್ಮ ಅತ್ತೇದು.”

“ನಿಮ್ಮ ಅತ್ತೆಗೆ ಸೋಮವಾರ ಸಂಜೆ ತಿದ್ದಿಕೊಡೋಣ,” ಎಂದು ಮೇಡಂ ಹೇಳಿದರು. ಅವರಿಗೆ ಅದೊಂದು ಹೆಸರು, ಅಷ್ಟೆ. ತಪ್ಪಲ್ಲ; ಎರಡು ವಾರ ನನಗೂ ಅದು ಬರೀ ಹೆಸರೇ ಆಗಿತ್ತು.

ಸಂಜೆ ಅತ್ತೆಯ ಫೋನಿಗೆ ಕಾದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬರಲಿಲ್ಲ.

ಶನಿವಾರ ಎಂಟಕ್ಕೇ ತೂಬಿನ ಹತ್ತಿರ ನಿಂತೆ. ಅಷ್ಟು ಹೊತ್ತಿಗೇ ಅರ್ಧ ಊರು ನಾಲೆ ಏರಿಯ ಮೇಲಿತ್ತು. ಚಿಕ್ಕಬೋರಮ್ಮ ಚೀಲ ಸಮೇತ ಬಂದಿದ್ದರು. ರಂಗಸ್ವಾಮಿಯವರ ಕೈಯಲ್ಲಿ ಸೀಲಿನ ಕಾಗದ, ಪ್ಲಾಸ್ಟಿಕ್ ಹಾಳೆಯೊಳಗೆ. ಚಿಕ್ಕಸ್ವಾಮಿ ಗುದ್ದಲಿ ಹೆಗಲ ಮೇಲಿಟ್ಟು ನಿಂತಿದ್ದ. ಅವನ ಹಿಂದೆ ಹನ್ನೆರಡು ಜನ ನಾಟಿ ಹೆಂಗಸರು, ಸೆರಗು ಕಟ್ಟಿ, ಕಾಲ ಬುಡದಲ್ಲಿ ಪೈರಿನ ಕಟ್ಟುಗಳನ್ನಿಟ್ಟುಕೊಂಡು.

“ಚಿಕ್ಕಸ್ವಾಮಿ,” ಅಂದೆ, “ಅವತ್ತು ನೀನೇ ಹೇಳಿದ್ದೆ. ಬೇಡ ಅಂದ್ರೆ ಹೊಡೆದುಹಾಕು ಅಂತ.”

“ಯೋಳಿದ್ದೆ ಭಾವ. ಇಲ್ಲ ಅಂದ್ನಾ? ನೀನು ಒಡ್ದಾಕ್ಲಿಲ್ಲ. ಎರಡು ವಾರ ಬುಟ್ಟು, ನಂಗೇ ಬರ್ಕೊಟ್ಟೆ, ಅದೂ ನಿನ್ನೆಸ್ರಾಕಿ. ಭಾವ ಪ್ರೀತಿಯಿಂದ ಕೊಟ್ಟವ್ನೆ ಅಂತ ನಾನು ಆಳು ಯೋಳ್ದೆ. ಬೆಳಗಾನೆದ್ದು ಒಟ್ಲು ಪಾತೀಲಿದ್ದ ಪೈರು ಕೀಳ್ಸ್ದೆ. ಈಗ ಇಲ್ಲ ಅಂದ್ರೆ ಈ ಪೈರ ಎಲ್ಲಿ ನೆಡ್ಲಿ, ನಿನ್ನ ಫೋನ್‌ನಲ್ಲಾ?”

ಹನ್ನೆರಡು ಹೆಂಗಸರೂ ನಕ್ಕರು.

“ಅದು ತಪ್ಪಾಗಿ ಒತ್ತಿದ್ದು ಕಣಯ್ಯ!”

“ಒಂದ್ಸಲ ತಪ್ಪಾಯ್ತದೆ,” ರಂಗಸ್ವಾಮಿ ಅಂದರು. “ಆಮ್ಯಾಲೆ ಸತ್ತೋರ್ನೆಲ್ಲ ಎಬ್ಬಿಸ್ದೆಯಲ್ಲ, ಅದೂ ತಪ್ಪಾ? ಆಮ್ಯಾಲೆ ಅವ್ರ್ನ ವಾಪಸ್ ಕಳುಸ್ದೆ, ಅದೂ ತಪ್ಪಾ?”

“ಅದು ಬಸ್ಸು ಹಂಪ್ ಮೇಲೆ…”

“ಬೀರಣ್ಣ!” ಚಿಕ್ಕಬೋರಮ್ಮ ಕೂಗಿದರು. “ನೀನು ಯೋಳು. ನಮ್ಮಣ್ಣ ಇದ್ದಾಗಿಂದ ಶನಿವಾರ ಯಾರ್ಗೆ ಬುಡ್ತಿದ್ದೆ?”

ಬೀರಯ್ಯ ತೂಬಿನ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. “ನಂಜಪ್ಪಂಗೆ. ಆಮ್ಯಾಲೆ ಗೌರವ್ವಂಗೆ. ಗೋಡೆ ಮ್ಯಾಲೆ ಏನಾದ್ರೂ ಇರ್ಲಿ, ನನ್ ತಲೇಲಿ ಅಂಗೇ ಇತ್ತು.” ಸುಣ್ಣ ಸವರಿದ. “ಈ ಅಪ್ಪ ಬಂದು, ನಿನ್ ತಲೆ ಬ್ಯಾಡ, ಎಲ್ಲಾದ್ನೂ ಒಂದ್ರಲ್ಲಿ ಸೇರುಸ್ತೀನಿ ಅಂದ. ಸೇರುಸ್ದ. ಈಗ ಕಾಗದ ಒಂದು ಯೋಳ್ತದೆ, ಫೋನು ಎಲ್ಡು ಯೋಳ್ತದೆ, ನನ್ ತಲೆ ಮೂರ್ನೇದು ಯೋಳ್ತದೆ. ಒಂಬತ್ತು ಗಂಟೇಗೆ ನಾನು ಒಂದೇ ಬಾಗಿಲು ತೆಗೆಯೋಕಾಗೋದು. ಯಾರ್ದು ಅಂತ ನೀವ್ ನೀವೇ ಮಾತಾಡ್ಕಳಿ. ಇನ್ನು ಎಂಟ್ ನಿಮಿಷ ಅದೆ.”

ಎಂಟು ನಿಮಿಷ. ಒಂದು ಗೇಟು, ಇಬ್ಬರ ಗದ್ದೆ. ಚಿಕ್ಕಸ್ವಾಮಿಯ ಹೆಂಗಸರ ಕಾಲಬುಡದಲ್ಲಿ ಕಿತ್ತ ಪೈರು. ಅತ್ತೆಯ ಗದ್ದೆಯಲ್ಲಿ ವಾರದ ಹಿಂದೆ ನೆಟ್ಟ ಪೈರು, ಬುಡದಲ್ಲಿ ಕೆಸರು ಆಗಲೇ ಬಿಳಿಚುತ್ತಿತ್ತು. ನಾನು ಚಿಕ್ಕಸ್ವಾಮಿಯ ಕೈ ಹಿ‌ಡಿದೆ. ರಂಗಸ್ವಾಮಿಯವರ ಕೈ ಹಿಡಿದೆ. ಬೀರಯ್ಯನ ಕೈಯಲ್ಲಿ ಸುಣ್ಣವಿತ್ತು, ಅದನ್ನೂ ಹಿಡಿದೆ. “ಅರ್ಧ ಅರ್ಧ ಮಾಡಿ,” ಅಂದೆ. “ಒಂದೂವರೆ ಗಂಟೆ ಅವರಿಗೆ, ಒಂದೂವರೆ ಇವರಿಗೆ.”

“ಒಂದೂವರೆ ಗಂಟೇಲಿ ನಾಟಿ ಗದ್ದೆ ಕೆಸರಾಗಕಿಲ್ಲ, ನೆಟ್ಟ ಗದ್ದೆ ತುಂಬಾಕಿಲ್ಲ,” ಬೀರಯ್ಯ ಅಂದ. “ಇಬ್ರುದೂ ಕೆಡ್ತದೆ. ಅಂಗೂ ಒಂದು ಅಪ್‌ಡೇಟ್ ಮಾಡಾಣಾ?”

ಅಷ್ಟರಲ್ಲಿ ಅತ್ತೆ ಬಂದರು.

ಅವರು ಏರಿಯ ಮೇಲೆ ಅವಸರವಿಲ್ಲದೆ ನಡೆದು ಬಂದರು. ಜನ ದಾರಿ ಬಿಟ್ಟರು. ನನ್ನನ್ನು ನೋಡಲಿಲ್ಲ. ರಂಗಸ್ವಾಮಿಯವರ ಕಾಗದವನ್ನೂ ನೋಡಲಿಲ್ಲ. ಸೀದಾ ಹೋಗಿ ಒಬ್ಬ ಹೆಂಗಸಿನ ಕಾಲಬುಡದ ಪೈರಿನ ಕಟ್ಟನ್ನು ಎತ್ತಿ, ಬೇರು ತಿರುಗಿಸಿ ನೋಡಿ, ಎರಡು ಬೆರಳಲ್ಲಿ ಹಿಸುಕಿದರು.

“ಯಾವಾಗ ಕಿತ್ತಿದ್ದು?”

“ಕೋಳಿ ಕೂಗೋ ಹೊತ್ಗೆ, ದೊಡ್ಡವ್ವ,” ಚಿಕ್ಕಸ್ವಾಮಿಯ ದನಿ ಈಗ ಸಣ್ಣದಾಗಿತ್ತು.

“ಇವತ್ತು ನೆಡ್ದಿದ್ರೆ ದನಕ್ಕೆ ಆಗ್ತದೆ, ಅಷ್ಟೆ.” ಕಟ್ಟನ್ನು ಕೆಳಗಿಟ್ಟರು. ತಮ್ಮ ಗದ್ದೆಯ ಕಡೆ ಒಂದು ಸಲ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. “ನಂದು ಬೇರು ಬುಟ್ಟದೆ. ಒಂದ್ವಾರ ಬಾಡ್ತದೆ, ಕಳೆ ಕೀಳಾಕೆ ಇನ್ನೆರಡು ಆಳು ಬೇಕಾಯ್ತವೆ. ಸಾಯಕಿಲ್ಲ. ಬೀರಣ್ಣ, ಅವನ ಗದ್ದೆಗೆ ಬುಡು.”

ಚಿಕ್ಕಬೋರಮ್ಮ ಬಾಯಿ ತೆರೆದವರು ಹಾಗೇ ಮುಚ್ಚಿದರು.

ಚಿಕ್ಕಸ್ವಾಮಿ ಗುದ್ದಲಿ ಕೆಳಗಿಳಿಸಿದ. “ದೊಡ್ಡವ್ವ, ಮಂಗಳವಾರ ಬೆಳಗಾನ ನಂದು ಸರದಿ ಅದೆ. ಆ ಮೂರು ಗಂಟೆ ನೀನು ನೀರು ಕಟ್ಕೊ.”

“ಆಯ್ತು.”

“ಹಾಗಾದ್ರೆ ಬರ್ಕೊತೀನಿ,” ಎಂದು ನಾನು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ.

“ಬ್ಯಾಡ!” ಏರಿಯ ಮೇಲಿದ್ದ ಅಷ್ಟೂ ಜನ ಒಟ್ಟಿಗೆ ಕೂಗಿದರು. ನಾಟಿ ಹೆಂಗಸರೂ ಕೂಗಿದರು. ಅವರು ಪಕ್ಕದ ಊರಿನವರು, ಅವರಿಗೆ ಇದರ ಸಂಬಂಧವೇ ಇರಲಿಲ್ಲ.

ಬೀರಯ್ಯ ಗೇಟಿನ ಹಿಡಿ ತಿರುಗಿಸಿದ. ನೀರು ಎಡಗಡೆಯ ಕಾಲುವೆಗೆ ನುಗ್ಗಿ, ಚಿಕ್ಕಸ್ವಾಮಿಯ ಗದ್ದೆಯ ಕಡೆ ಹೊರಟಿತು. ಜನ ಕರಗಿದರು. ರಂಗಸ್ವಾಮಿಯವರು ಕಾಗದವನ್ನು ಏನು ಮಾಡುವುದೆಂದು ತಿಳಿಯದೆ ಮಡಚಿ ಬನಿಯನ್ನಿನೊಳಗಿಟ್ಟುಕೊಂಡರು.

ನನಗೆ ಬುಧವಾರದಿಂದ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಇಳಿದ ಹಾಗಾಯಿತು. ಅತ್ತೆಯ ಹತ್ತಿರ ಹೋಗಿ, ಆದಷ್ಟು ವಿನಯವಾಗಿ ಕೇಳಿದೆ: “ಅತ್ತೆ, ನೀವೇ ಮನಸಾರೆ ಬಿಟ್ಟುಕೊಟ್ರಿ ಅಂದ ಮೇಲೆ, ಸರದಿ ತಪ್ಪಿದ ಹಾಗಲ್ಲ, ಅಲ್ವಾ? ನನ್ನ ಮಾತು…”

ಅತ್ತೆ ಆಗ ಮೊದಲ ಸಲ ನನ್ನ ಕಡೆ ತಿರುಗಿದರು. ಕೋಪವೇನೂ ಇರಲಿಲ್ಲ. ಕೋಪವಿದ್ದಿದ್ದರೆ ವಾಸಿಯಿತ್ತು.

“ನೀರು ಬುಟ್ಕೊಟ್ಟೋಳು ನಾನು ಅಳಿಯಂದ್ರೆ. ಮಾತು ಕೊಟ್ಟೋರು ನೀವು. ಎಲ್ಡುನ್ನೂ ಒಂದ್ರಲ್ಲಿ ಸೇರುಸ್ಬೇಡಿ,” ಅಂದರು. “ಬನ್ನಿ, ತಿಂಡಿ ಮಾಡಿವ್ನಿ.”

ಆ ಶನಿವಾರ ಅತ್ತೆಯ ಗದ್ದೆಗೆ ನೀರು ಹೋಗಲಿಲ್ಲ. ನಾನು ಕೊಟ್ಟ ಮಾತು ತಪ್ಪಿತು.